ಲಾಲ್‌ಬಾಗ್ ದಾಟಿ ಕಿದ್ವಾಯಿಗೆ

ಈ ಬರಹದಲ್ಲಿ ಹುಡುಗನ ಹೆಸರಿಲ್ಲ. "ಬರಿ ಅಕ್ಕಾ, ಆದ್ರ ನನ್ನ ಹೆಸರು ಹಾಕಬ್ಯಾಡ. ಫೋಟೊ ಅಂತೂ ಬ್ಯಾಡೇ ಬ್ಯಾಡ" ಅಂತ ಷರತ್ತು ಹಾಕಿಯೇ ಒಪ್ಪಿಕೊಂಡಿದ್ದಾನೆ. ಅವನು ನನ್ನ ಕಾಕಾನ ಮಗ, ವಯಸ್ಸು 16. ಹಾವೇರಿ ಜಿಲ್ಲೆಯ ಬ್ಯಾಡಗಿ ಹತ್ತಿರದ ನಮ್ಮೂರಿಂದ ಬೆಂಗಳೂರಿಗೆ ಆರು ತಿಂಗಳಲ್ಲಿ 12 ಸಲ ಕೀಮೋಥೆರಪಿಗೆ ಬಂದುಹೋದ. ಪ್ರತಿ ಸಲವೂ ಜೊತೆಗೆ ಕಾಕಾ. ಅವರಿಬ್ಬರ ದಾರಿಯ ಕೊನೆಯ ಏಳೆಂಟು ಕಿಲೋಮೀಟರಿಗೆ ಮಾತ್ರ ನಾನು ಜೊತೆಯಾದವಳು. ಆ ಏಳೆಂಟು ಕಿಲೋಮೀಟರಿನ ಬಗ್ಗೆಯೇ ಇಲ್ಲಿ ಬರೆದಿದ್ದೇನೆ.

ಕಿಟಕಿಯಾಚೆಯ ರಸ್ತೆ

ನಾನು ಬೆಂಗಳೂರಿಗೆ ಬಂದು ಎಂಟು ವರ್ಷ ಆಯಿತು. ವಿಲ್ಸನ್ ಗಾರ್ಡನ್ನಿನ ಒಂದು ಲೇಡೀಸ್ ಪಿಜಿಯಲ್ಲಿ ವಾಸ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ. ಬೆಳಿಗ್ಗೆ ಕ್ಯಾಬ್ ಹತ್ತಿ, ಇಯರ್‌ಫೋನ್ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದರೆ ಸಿಲ್ಕ್ ಬೋರ್ಡ್ ಹತ್ತಿರ ಒಮ್ಮೆ ಎಚ್ಚರ. ನಡುವೆ ನಿಮ್ಹಾನ್ಸ್, ಕಿದ್ವಾಯಿ, ಡೇರಿ ಸರ್ಕಲ್ ಬರುತ್ತವೆ ಅಂತ ಗೊತ್ತಿತ್ತು. ಆದರೆ ನನ್ನ ಪಾಲಿಗೆ ಅವು ಟ್ರಾಫಿಕ್ ಎಲ್ಲಿ ನಿಂತಿದೆ ಅಂತ ಹೇಳಲು ಬೇಕಾದ ಹೆಸರುಗಳು, ಅಷ್ಟೇ.

ಆ ರಸ್ತೆಯಲ್ಲಿ ಒಮ್ಮೆ ನಡೆದು ನೋಡಬೇಕು. ನಿಮ್ಹಾನ್ಸ್, ಕಿದ್ವಾಯಿ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ, ಎದೆರೋಗಗಳ ರಾಜೀವ್ ಗಾಂಧಿ ಸಂಸ್ಥೆ, ಎಲ್ಲ ಒಂದರ ಮಗ್ಗುಲಿಗೆ ಒಂದು. ಬೆಳಗಿನ ಆರಕ್ಕೇ ಫುಟ್‌ಪಾತ್ ತುಂಬ ಜನ. ಕಂಕುಳಲ್ಲಿ ಎಕ್ಸ್‌ರೇ ಕವರು, ಕೈಯಲ್ಲಿ ಫ್ಲಾಸ್ಕು. ಕಲಬುರಗಿ ಕನ್ನಡ, ಕೋಲಾರದ ಕನ್ನಡ, ತೆಲುಗು, ಉರ್ದು ಎಲ್ಲ ಒಂದೇ ಚಹಾ ಗಾಡಿಯ ಸುತ್ತ. ಡೇರಿ ಸರ್ಕಲ್ ದಾಟಿದರೆ ಕ್ರೈಸ್ಟ್ ವಿಶ್ವವಿದ್ಯಾಲಯ. ಅಲ್ಲಿ ಬ್ಯಾಗ್ ನೇತಾಕಿಕೊಂಡು ನಗುತ್ತ ಹೋಗುವ ಹುಡುಗ ಹುಡುಗಿಯರ ದಂಡು. ಒಂದೇ ರಸ್ತೆ, ನಡುವೆ ನಡೆದು ಹೋಗುವಷ್ಟು ದೂರ.

ಕಿದ್ವಾಯಿ ಶುರುವಾಗಿದ್ದು 1973ರಲ್ಲಿ. ಸ್ವಾತಂತ್ರ್ಯ ಹೋರಾಟಗಾರರೂ ನೆಹರೂ ಸಂಪುಟದಲ್ಲಿ ಮಂತ್ರಿಯೂ ಆಗಿದ್ದ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರು ಅದಕ್ಕಿದೆ. ಆದರೆ ಅದೊಂದು ಮನುಷ್ಯನ ಹೆಸರು ಅಂತ ನಮ್ಮೂರಲ್ಲಿ ಯಾರಿಗೂ ಹೊಳೆದೇ ಇಲ್ಲ. "ಅವರನ್ನ ಕಿದ್ವಾಯಿಗೆ ಕರಕೊಂಡು ಹೋಗ್ಯಾರಂತ" ಅಂದರೆ ಸಾಕು, ಕೇಳಿದವರ ದನಿ ತಗ್ಗುತ್ತದೆ. ಕಾಯಿಲೆಯ ಹೆಸರನ್ನು ಯಾರೂ ಹೇಳುವುದಿಲ್ಲ, ಆಸ್ಪತ್ರೆಯ ಹೆಸರೇ ಕಾಯಿಲೆಯ ಹೆಸರಾಗಿಬಿಟ್ಟಿದೆ.

ಕುತ್ತಿಗೆಯ ಗಂಟು

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ ಹುಡುಗನ ಕುತ್ತಿಗೆಯ ಎಡಕ್ಕೆ ಒಂದು ಗಂಟು ಕಾಣಿಸಿಕೊಂಡಿತ್ತು. ನೋವಿಲ್ಲ. ಸಂಜೆಗೊಮ್ಮೆ ಜ್ವರ, ರಾತ್ರಿ ದಿಂಬು ಒದ್ದೆಯಾಗುವಷ್ಟು ಬೆವರು. ತೂಕ ಇಳಿಯುತ್ತಿತ್ತು. ಊರ ಕಡೆಯ ಡಾಕ್ಟರೊಬ್ಬರು ಟಿಬಿ ಇರಬೇಕು ಅಂತ ಮಾತ್ರೆ ಶುರು ಮಾಡಿದರು. ಎರಡು ತಿಂಗಳಾದರೂ ಗಂಟು ಕರಗಲಿಲ್ಲ, ಪಕ್ಕದಲ್ಲಿ ಇನ್ನೊಂದು ಎದ್ದಿತು. ಆಮೇಲೆ ಹುಬ್ಬಳ್ಳಿಯಲ್ಲಿ ಬಯಾಪ್ಸಿ. ವರದಿಯಲ್ಲಿ ಬರೆದಿದ್ದದ್ದು ಹಾಡ್ಕಿನ್ ಲಿಂಫೋಮಾ.

ದುಗ್ಧರಸ ಗ್ರಂಥಿಗಳಲ್ಲಿ ಹುಟ್ಟುವ ಕ್ಯಾನ್ಸರ್ ಇದು. 1832ರಲ್ಲಿ ಇದರ ಬಗ್ಗೆ ಮೊದಲು ಬರೆದ ಇಂಗ್ಲೆಂಡಿನ ವೈದ್ಯ ಥಾಮಸ್ ಹಾಡ್ಕಿನ್ ಹೆಸರನ್ನೇ ಇಟ್ಟಿದ್ದಾರೆ. ಹದಿಹರೆಯದವರಲ್ಲಿ, ಇಪ್ಪತ್ತು ಮೂವತ್ತರವರಲ್ಲಿ ಹೆಚ್ಚು ಕಾಣುತ್ತದೆ. ಜ್ವರ, ಬೆವರು, ಗಂಟು ಎಲ್ಲವೂ ಟಿಬಿಯ ಹಾಗೇ ಇರುವುದರಿಂದ ನಮ್ಮ ದೇಶದಲ್ಲಿ ಈ ಗೊಂದಲ ಅಪರೂಪವೇನಲ್ಲ. ಗಂಟಿನ ತುಣುಕನ್ನು ತೆಗೆದು ಪರೀಕ್ಷೆ ಮಾಡದೆ ಖಾತ್ರಿಯಾಗುವುದಿಲ್ಲ. ಸಮಾಧಾನದ ಸಂಗತಿ ಒಂದಿತ್ತು: ಸರಿಯಾಗಿ ಚಿಕಿತ್ಸೆ ಪಡೆದರೆ ಹೆಚ್ಚಿನವರು ಗುಣವಾಗುವ ಕ್ಯಾನ್ಸರುಗಳಲ್ಲಿ ಇದೂ ಒಂದು.

ಕಾಕಾ ನನಗೆ ಫೋನ್ ಮಾಡಿದ್ದು ಗಿರಣಿಯ ಹಿಂದೆ ನಿಂತು. "ಯವ್ವಾ, ಅವಗ ಹೇಳಿಲ್ಲ. ನೀನೂ ಹೇಳಬ್ಯಾಡ. ಗಂಟಿಗೆ ಇಂಜೆಕ್ಷನ್ ಅಂತ ಹೇಳೇನಿ." ಮೂರೆಕರೆ ಮೆಣಸಿನಕಾಯಿ ಹೊಲ, ಒಂದು ಹಿಟ್ಟಿನ ಗಿರಣಿ, ಇಬ್ಬರು ಮಕ್ಕಳು. ಯಾವತ್ತೂ ಯಾರ ಮುಂದೂ ದನಿ ತಗ್ಗಿಸದ ಮನುಷ್ಯ. ಅವತ್ತು ಹಿಂದೆ ಗಿರಣಿಯ ಸದ್ದು ನಿಂತ ಮೇಲೆಯೇ ಗೊತ್ತಾಗಿದ್ದು, ಅವರು ಅಳುತ್ತಿದ್ದಾರೆ ಅಂತ.

ಡೇರಿ ಸರ್ಕಲ್ಲಿಂದ ಹಿಂದಕ್ಕೆ

ಆಗಸ್ಟ್ ಮೊದಲ ವಾರ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿಂದ ಇಳಿದ ಇಬ್ಬರನ್ನು ಕರೆದುಕೊಂಡು ಮೆಜೆಸ್ಟಿಕ್ಕಿನಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಡೆಯ ಬಸ್ ಹತ್ತಿದೆ. ಕಾಕಾ ನನ್ನ ಕಿವಿಯ ಹತ್ತಿರ ಬಂದು, "ಕಂಡಕ್ಟರ್ ಆ ಸ್ಟಾಪಿನ ಹೆಸರು ಕೂಗತಾನೇನು?" ಅಂದರು. ಕೂಗುತ್ತಾನೆ ಅಂದೆ. "ಹಂಗಾರ ಮುಂದಿನ ಸ್ಟಾಪಿಗೆ ಟಿಕೆಟ್ ತಗಿ."

ಹೀಗಾಗಿ ಕಿದ್ವಾಯಿ ದಾಟಿ ಡೇರಿ ಸರ್ಕಲ್ಲಿಗೆ ಹೋಗಿ ಇಳಿದೆವು. ಲಗೇಜು ಹೊತ್ತುಕೊಂಡು ಬಂದ ದಾರಿಯಲ್ಲೇ ಹಿಂದಕ್ಕೆ ನಡೆದೆವು. ಹುಡುಗ ಒಂದು ಮಾತೂ ಕೇಳಲಿಲ್ಲ. ಗೇಟಿನ ಹತ್ತಿರ ಬೋರ್ಡು. ಕನ್ನಡದಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ. ಕ್ಯಾನ್ಸರ್ ಅನ್ನುವ ಪದ ಕಾಣದೆ ಕಾಕಾ ಉಸಿರು ಬಿಟ್ಟಿದ್ದು ನನಗೆ ಕೇಳಿಸಿತು. ಹುಡುಗ ಬೋರ್ಡನ್ನು ಪೂರ್ತಿ ಓದಿ, ಅಪ್ಪನ ಕೈಯಿಂದ ದೊಡ್ಡ ಬ್ಯಾಗು ಇಸಿದುಕೊಂಡ. "ಆಂಕಾಲಜಿ ಅಂದ್ರ ಏನಂತ ನನಗ ಗೊತ್ತೈತಿ ಅಪ್ಪಾ. ಹುಬ್ಬಳ್ಳಿಯಾಗ ರಿಪೋರ್ಟ್ ನಾನೇ ಇಸ್ಕೊಂಡು ಬಂದಿದ್ನಲ್ಲ. ಫೋನಿನಾಗ ನೋಡೇನಿ."

ಮೂರು ವಾರದಿಂದ ಅಪ್ಪ ಮಗನಿಗೆ ಗೊತ್ತಾಗಬಾರದು ಅಂತ ಕಾಯುತ್ತಿದ್ದ. ಮಗ, ತನಗೆ ಗೊತ್ತಾಗಿದೆ ಅಂತ ಅಪ್ಪನಿಗೆ ಗೊತ್ತಾಗಬಾರದು ಅಂತ ಕಾಯುತ್ತಿದ್ದ.

ಸುಳ್ಳು ಮುಗಿದರೂ ಕಾಕಾನ ಆತಂಕ ಮುಗಿಯಲಿಲ್ಲ. ಡಾಕ್ಟರು ಹುಡುಗನನ್ನು ನೋಡಿ "ಊಟ ಸೇರುತ್ತಾ?" ಅಂದರೆ ಕಾಕಾ, "ಸೇರ್ತೈತ್ರಿ ಸಾಹೇಬ್ರ." "ರಾತ್ರಿ ನಿದ್ದೆ?" "ಚಲೋ ಮಾಡ್ತಾನ್ರಿ." "ಏನು ಓದ್ತಿದೀಯಾ?" ಅದಕ್ಕೂ ಕಾಕಾನೇ, "ಪಿಯುಸಿ ಸೈನ್ಸ್ ರೀ." ಹುಡುಗ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿದ್ದ. ನಾನೂ ಏನು ಕಮ್ಮಿಯಿರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸೆಲ್ ಶೀಟ್ ಮಾಡಿ ದಿನಾಂಕ, ರಕ್ತದ ಎಣಿಕೆ, ಜ್ವರ, ವಾಂತಿ ಎಲ್ಲಕ್ಕೂ ಒಂದೊಂದು ಕಾಲಂ ಹಾಕಿದ್ದೆ. ಅವನು ಒಮ್ಮೆ ಇಣುಕಿ ನೋಡಿ, "ಅಕ್ಕಾ, ಇದರಾಗ ನಾ ಎಲ್ಲಿದೀನಿ?" ಅಂದ. ತಮಾಷೆ ಅಂದುಕೊಂಡು ನಕ್ಕೆ.

ಬ್ಯಾಡಗಿ ಕೆಂಪು

ಚಿಕಿತ್ಸೆಯ ಹೆಸರು ಎಬಿವಿಡಿ. ನಾಲ್ಕು ಔಷಧಿಗಳ ಮೊದಲ ಅಕ್ಷರಗಳು: ಏಡ್ರಿಯಾಮೈಸಿನ್, ಬ್ಲಿಯೋಮೈಸಿನ್, ವಿನ್‌ಬ್ಲಾಸ್ಟಿನ್, ಡಕಾರ್ಬಜಿನ್. 28 ದಿನಕ್ಕೆ ಒಂದು ಸೈಕಲ್, ಅದರಲ್ಲಿ ಮೊದಲ ದಿನ ಒಮ್ಮೆ, 15ನೇ ದಿನ ಒಮ್ಮೆ. ಅವನಿಗೆ ಹೇಳಿದ್ದು ಆರು ಸೈಕಲ್. ಅಂದರೆ ಹದಿನೈದು ದಿನಕ್ಕೊಮ್ಮೆ, ಒಟ್ಟು 12 ಸಲ ಪ್ರಯಾಣ. ಮಂಗಳವಾರ ಬೆಳಿಗ್ಗೆ ಬಂದು ರಕ್ತಪರೀಕ್ಷೆ. ಎಣಿಕೆ ಸರಿಯಿದ್ದರೆ ಬುಧವಾರ ಡೇ ಕೇರ್ ವಾರ್ಡಿನಲ್ಲಿ ಔಷಧಿ. ರಾತ್ರಿ ವಾಪಸ್ ರೈಲು.

ನನ್ನ ಪಿಜಿಯಲ್ಲಿ ಗಂಡಸರನ್ನು ಬಿಡುವುದಿಲ್ಲ. ಅವರಿಬ್ಬರೂ ಉಳಿಯುತ್ತಿದ್ದದ್ದು ಆಸ್ಪತ್ರೆಯ ಆವರಣದಲ್ಲಿ ಇನ್ಫೋಸಿಸ್ ಫೌಂಡೇಶನ್ ಕಟ್ಟಿಸಿದ ಧರ್ಮಶಾಲೆಯಲ್ಲಿ. ಸಂಜೆ ಕೆಲಸ ಮುಗಿಸಿ ಹೋದರೆ ಅಲ್ಲೊಂದು ಊರೇ ಇರುತ್ತಿತ್ತು. ಯಾರದೋ ಬಟ್ಟೆಯನ್ನು ಯಾರೋ ಒಣಹಾಕುವುದು, ಯಾರದೋ ಚಾರ್ಜರಿನಲ್ಲಿ ಇನ್ಯಾರದೋ ಫೋನು. ಕಾಕಾ ತಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿಗೆ ಚಾಮರಾಜನಗರದ ಅಮ್ಮನೊಬ್ಬರು ಖಾಯಂ ಗಿರಾಕಿ. ಅವರ ಮಗಳಿಗೂ ಹದಿನಾಲ್ಕೋ ಹದಿನೈದೋ.

ನಾಲ್ಕರಲ್ಲಿ ಏಡ್ರಿಯಾಮೈಸಿನ್ ಕಡುಗೆಂಪು. ಮೊದಲ ಸಲ ಸಿರಿಂಜಿನಲ್ಲಿ ಅದನ್ನು ನೋಡಿ ಕಾಕಾ ಬಾಯಿತಪ್ಪಿ, "ನಮ್ಮ ಮೆಣಸಿನಕಾಯಿ ಬಣ್ಣ ಐತಲ್ಲೋ" ಅಂದುಬಿಟ್ಟರು. ಬ್ಯಾಡಗಿ ಮೆಣಸಿನಕಾಯಿಯ ಹೆಚ್ಚುಗಾರಿಕೆಯೇ ಅದು. ಖಾರ ಕಡಿಮೆ, ಬಣ್ಣ ಜಾಸ್ತಿ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದ್ದೂ ಅದರಿಂದಲೇ ಅಂತ ಕಾಕಾ ಎಲ್ಲರಿಗೂ ಹೇಳುತ್ತಾರೆ. ಅವತ್ತು ಮೂತ್ರವೂ ಕೆಂಪಾಯಿತು. ನರ್ಸ್ ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ಡಕಾರ್ಬಜಿನ್‌ಗೆ ಬೆಳಕು ಆಗುವುದಿಲ್ಲ, ಬಾಟಲಿಗೆ ಹೊದಿಕೆ ಹಾಕಿ ಹನಿಹನಿಯಾಗಿ ಬಿಡುತ್ತಾರೆ. ನರದುದ್ದಕ್ಕೂ ಉರಿ. ಹುಡುಗ ಹಲ್ಲು ಕಚ್ಚಿ ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದ.

ಮೂರನೇ ಸಲಕ್ಕೆ ಬರುವ ಮೊದಲೇ ಊರಲ್ಲಿ ತಲೆ ಬೋಳಿಸಿಕೊಂಡಿದ್ದ. ಕೂದಲು ಉದುರುವುದನ್ನು ಕಾಯುವ ಬದಲು ತಾನೇ ತೆಗೆಸಿದ. ಬಾಯೊಳಗೆ ಹುಣ್ಣು. ಮೆಣಸಿನಕಾಯಿ ಬೆಳೆಯುವ ಮನೆಯಲ್ಲಿ ಅವನಿಗಾಗಿ ಖಾರವಿಲ್ಲದ ಸಾರು. ಕಾಕು ಎಲ್ಲರಿಗೂ ಅದನ್ನೇ ಮಾಡತೊಡಗಿದರು. ಒಂದು ದಿನ ಅವನೇ, "ನನ್ನ ಸಂಬಂಧ ನೀವ್ಯಾಕ ಸಪ್ಪಗ ಉಣ್ತೀರಿ? ನಿಮಗೆಲ್ಲಾ ಖಾರ ಮಾಡು" ಅಂತ ರೇಗಿದನಂತೆ.

ಗೋಡೆ ಕಂಡರೆ ಸಾಕು

ನಾಲ್ಕನೇ ಸಲದ ನಂತರ ಪೆಟ್ ಸ್ಕ್ಯಾನ್ ಆಯಿತು. ಔಷಧಿ ಚೆನ್ನಾಗಿ ಕೆಲಸ ಮಾಡಿದೆ ಅಂದರು. ನಾವೆಲ್ಲ ಇನ್ನೇನು ಅರ್ಧ ಗೆದ್ದೆವು ಅಂದುಕೊಂಡೆವು. ಅಲ್ಲಿಂದಲೇ ಕಷ್ಟ ಶುರು.

ಐದನೇ ಸಲ ಬಸ್ಸು ನಿಮ್ಹಾನ್ಸಿನ ಕಾಂಪೌಂಡ್ ಗೋಡೆಯ ಪಕ್ಕ ತಿರುಗಿದ ಕೂಡಲೇ ಹುಡುಗ ಕಿಟಕಿಯಿಂದ ವಾಂತಿ ಮಾಡಿದ. ಔಷಧಿ ಇನ್ನೂ ಹತ್ತಿರವೂ ಬಂದಿರಲಿಲ್ಲ, ಖಾಲಿ ಹೊಟ್ಟೆ. ಆರನೇ ಸಲ ಮೆಜೆಸ್ಟಿಕ್ಕಿನಲ್ಲಿ ಆ ಬಸ್ಸಿನ ನಂಬರ್ ಕಂಡೇ ಬಾಯಿಗೆ ಟವೆಲ್ ಹಿಡಿದ. ಕಾಕಾ ಮೊದಲು ಬೈದರು, ಆಮೇಲೆ ನಿಂಬೆಹಣ್ಣು ಮೂಸಿಸಿದರು, ಗುಡ್ಡಾಪುರ ದಾನಮ್ಮನಿಗೆ ಹರಕೆ ಹೊತ್ತರು. ನರ್ಸ್ ಮಾತ್ರ ಇದನ್ನು ಕೇಳಿ ಆಶ್ಚರ್ಯಪಡಲಿಲ್ಲ. ಇದು ನಾಟಕವಲ್ಲ, ಹಟವೂ ಅಲ್ಲ ಅಂದರು. ಸಂಕಟಪಟ್ಟ ಜಾಗವನ್ನು ಮೈ ನೆನಪಿಟ್ಟುಕೊಳ್ಳುತ್ತದೆ. ಆ ವಾಸನೆ, ಆ ರಸ್ತೆ ಕಂಡರೆ ಔಷಧಿ ಕೊಡುವ ಮೊದಲೇ ವಾಕರಿಕೆ ಬರುತ್ತದೆ. ಕೀಮೋ ತೆಗೆದುಕೊಳ್ಳುವ ಬಹಳ ಜನರಿಗೆ ಹೀಗಾಗುತ್ತದಂತೆ.

ಏಳನೇ ಸಲಕ್ಕೆ ನಾಲ್ಕು ದಿನ ಮುಂಚೆ ಕಾಕಾ ಫೋನ್ ಮಾಡಿದರು. "ಬರೂದಿಲ್ಲಂತ. ಸ್ಕ್ಯಾನಿಂಗ್ ಚಲೋ ಬಂದೈತೆಲ್ಲ, ಗಂಟು ಹೋತು, ಮತ್ಯಾಕ ಅಂತಾನ. ಬಾಗಿಲಾ ಹಾಕ್ಕೊಂಡಾನ." ಹಿಂದಿನಿಂದ ಹುಡುಗನ ದನಿಯೂ ಕೇಳಿಸಿತು: "ಮೈ ನಂದೋ ನಿಂದೋ?"

ನನಗೆ ಸಿಟ್ಟು ಬಂತು, ಭಯವೂ ಆಯಿತು. ನಡುವೆ ಬಿಟ್ಟರೆ ಏನಾಗಬಹುದು ಅಂತ ಇಂಟರ್‌ನೆಟ್ಟಿನಿಂದ ಹತ್ತು ಲಿಂಕ್ ಹುಡುಕಿ ಅವನಿಗೆ ಕಳಿಸಿದೆ. ಅವನು ಒಂದನ್ನೂ ತೆರೆಯಲಿಲ್ಲ. ನನ್ನ ಮೆಸೇಜಿನ ಕೆಳಗೆ ಎರಡು ನೀಲಿ ಗೆರೆ ಮಾತ್ರ.

ಕಾಕಾ ಏನು ಮಾಡಿದರು ಅಂತ ಆಮೇಲೆ ಕಾಕು ಹೇಳಿದ್ದು. ಆ ಸಂಜೆ ಬಾಗಿಲು ಬಡಿಯಲಿಲ್ಲ. ಹೊರಗೆ ಹೊಸ್ತಿಲ ಮೇಲೆ ಕೂತರು. ಬಹಳ ಹೊತ್ತಿನ ಮೇಲೆ, "ಕರಕಿ ಕಿತ್ತ ಮ್ಯಾಲೆ ಹೊಲಾ ಸ್ವಚ್ಛ ಕಾಣ್ತೈತೋ. ಬೇರು ಉಳದೈತೋ ಇಲ್ಲೋ ಕಣ್ಣಿಗೆ ಕಾಣೂದಿಲ್ಲ. ಮಳಿ ಬಿದ್ದ ಮ್ಯಾಲೇ ಗೊತ್ತಾಗೂದು. ಅದಕ್ಕ ಇನ್ನೊಂದು ಸಲ ಹರಗ್ತೀವಿ" ಅಂದರು. ಒಳಗಿಂದ ಸದ್ದಿಲ್ಲ. "ಮೈ ನಿಂದ ಐತಿ. ಖರೇ ಐತಿ. ಬರೂದು ತಪ್ಪೂದಿಲ್ಲ, ಆದ್ರ ಹೆಂಗ ಬರೂದು ನೀನ ಹೇಳು. ನೀ ಹೇಳಿದಂಗ ಹೋಗೂಣು."

ಬಾಗಿಲು ತೆರೆಯಿತು. ಹುಡುಗ ಎರಡು ಮಾತು ಹೇಳಿದ. ಒಂದು, ಆ ಬಸ್ ಬೇಡ, ಆ ಗೋಡೆಯ ಕಡೆಯಿಂದ ಬೇಡ. ಎರಡು, ಡಾಕ್ಟರ ಹತ್ತಿರ ಐದು ನಿಮಿಷ ತಾನೊಬ್ಬನೇ ಮಾತಾಡಬೇಕು.

ಬೇರೆ ದಾರಿ

ದಾರಿ ಹುಡುಕಿದ್ದೂ ಅವನೇ, ಫೋನಿನ ನಕ್ಷೆಯಲ್ಲಿ. ಮೆಜೆಸ್ಟಿಕ್ಕಿನಿಂದ ಹಸಿರು ಮೆಟ್ರೊ ಹತ್ತಿದರೆ ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ, ನ್ಯಾಷನಲ್ ಕಾಲೇಜು, ನಾಲ್ಕನೆಯದು ಲಾಲ್‌ಬಾಗ್. ಅಲ್ಲಿ ಇಳಿದು ಪಶ್ಚಿಮದ ಗೇಟಿನಿಂದ ತೋಟದೊಳಗೆ ಹೋಗಿ, ಇನ್ನೊಂದು ಬದಿಗೆ ದಾಟಿ, ಅಲ್ಲಿಂದ ಆಟೊ. ಗಾಳಿಗೆ ಓಡಾಡಬಹುದಾ ಅಂತ ಡಾಕ್ಟರನ್ನು ಫೋನಿನಲ್ಲಿ ಕೇಳಿದೆವು. ಗದ್ದಲವಿಲ್ಲದ ಹೊತ್ತಿನಲ್ಲಿ ಮಾಸ್ಕ್ ಹಾಕಿಕೊಂಡು ನಿಧಾನ ನಡೆಯಲಿ, ಆಯಾಸವಾದರೆ ಕೂರಲಿ, ಉಸಿರು ಕಟ್ಟಿದರೆ ಅಥವಾ ಒಣಕೆಮ್ಮು ಬಂದರೆ ಮಾತ್ರ ತಕ್ಷಣ ಹೇಳಿ ಅಂದರು. ಬ್ಲಿಯೋಮೈಸಿನ್ ಶ್ವಾಸಕೋಶಕ್ಕೆ ತೊಂದರೆ ಕೊಡಬಹುದು, ಅದಕ್ಕೆ ಆ ಎಚ್ಚರಿಕೆ.

ಅಕ್ಟೋಬರ್ ಕೊನೆ. ಏಳು ಗಂಟೆಯ ಲಾಲ್‌ಬಾಗ್. ನಾನು ಎಂಟು ವರ್ಷದಲ್ಲಿ ಅಲ್ಲಿಗೆ ಹೋಗಿದ್ದು ಎರಡೇ ಸಲ, ಎರಡೂ ಫಲಪುಷ್ಪ ಪ್ರದರ್ಶನದ ನೂಕುನುಗ್ಗಲಿನಲ್ಲಿ. 1760ರಲ್ಲಿ ಹೈದರಾಲಿ ಹಾಕಿಸಲು ಶುರು ಮಾಡಿ, ಟಿಪ್ಪು ಬೆಳೆಸಿದ ತೋಟ ಅಂತ ಶಾಲೆಯಲ್ಲಿ ಓದಿದ್ದೆ. ಬೆಳಗಿನ ಹೊತ್ತಿನಲ್ಲಿ ಅದು ಬೇರೆಯದೇ ಊರು. ಸ್ವೆಟರ್ ಹಾಕಿದ ಅಜ್ಜಂದಿರು, ಕಡಲೆಕಾಯಿ ಕೇಳುವ ಅಳಿಲು, ಗಾಜಿನಮನೆಯ ಮೇಲೆ ಇನ್ನೂ ಕರಗದ ಮಂಜು. ಬೂರುಗದ ಮರದ ಬೇರುಗಳು ಗೋಡೆಯ ಹಾಗೆ ಎದ್ದು ನಿಂತಿದ್ದವು. ಹುಡುಗ ಅದಕ್ಕೆ ಒರಗಿ ನಿಂತು ಸುಧಾರಿಸಿಕೊಂಡ. ಕಾಕಾ ಬೋರ್ಡು ಓದಿ, ಬಗ್ಗಿ ಮಣ್ಣು ಮುಟ್ಟಿ, "ಕೆಂಪು ಮಣ್ಣು. ಮೆಣಸಿನಕಾಯಿ ಬರತಾವ ಇಲ್ಲಿ" ಅಂದರು.

ಮುಂದೆ ಬಂಡೆ. ಮೇಲೆ ಕೆಂಪೇಗೌಡರ ಗೋಪುರ. ಈ ಬಂಡೆಯ ವಯಸ್ಸು 300 ಕೋಟಿ ವರ್ಷ. ಭೂವಿಜ್ಞಾನಿಗಳು ಇದನ್ನು ಪೆನಿನ್ಸುಲಾರ್ ನೈಸ್ ಅನ್ನುತ್ತಾರೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದ್ದಾರೆ. ಹತ್ತಲು ದೊಡ್ಡ ಸಾಹಸವೇನಲ್ಲ, ಮಕ್ಕಳು ಓಡುತ್ತ ಹತ್ತುತ್ತಾರೆ. ಆರು ಸಲ ಕೀಮೋ ತೆಗೆದುಕೊಂಡ ಕಾಲಿಗೆ ಮಾತ್ರ ಅದು ಬೇರೆ ಲೆಕ್ಕ.

ಕಾಕಾ ಅಭ್ಯಾಸದಂತೆ ಮಗನ ರಟ್ಟೆ ಹಿಡಿಯಲು ಕೈ ಚಾಚಿದರು. ಆಮೇಲೆ ಏನೋ ನೆನಪಾದಂತೆ ಕೈ ಹಿಂದಕ್ಕೆ ತೆಗೆದುಕೊಂಡು ಬೆನ್ನ ಹಿಂದೆ ಕಟ್ಟಿಕೊಂಡರು. ಮಗ ಮುಂದೆ, ಅಪ್ಪ ಹತ್ತು ಹೆಜ್ಜೆ ಹಿಂದೆ. ಮಗ ನಿಂತರೆ ಇವರೂ ನಿಂತು, ಏನೂ ಆಗದವರಂತೆ ಆಕಾಶ ನೋಡುವುದು. ಅವತ್ತು ಅರ್ಧದವರೆಗೆ ಹತ್ತಿ ಹುಡುಗ ಕೂತುಬಿಟ್ಟ. ಕಾಕಾನೂ ಅಲ್ಲೇ ಹತ್ತು ಹೆಜ್ಜೆ ಕೆಳಗೆ ಕೂತರು. "ಇವತ್ತಿಗೆ ಇಷ್ಟ ಸಾಕು" ಅಂತ ಮಗನೇ ಹೇಳುವವರೆಗೂ ಏಳಲಿಲ್ಲ.

ಆಟೊ ಆಸ್ಪತ್ರೆಯ ಗೇಟಿಗೆ ಬಂದಾಗ ಅವನ ಮುಖ ಬಿಳಿಚಿತ್ತು. ಟವೆಲ್ ಕೈಯಲ್ಲೇ ಇತ್ತು. ಆದರೆ ವಾಂತಿಯಾಗಲಿಲ್ಲ. ದಾರಿ ಬದಲಿಸಿದ್ದಕ್ಕೋ, ಆ ಸಲ ಡಾಕ್ಟರು ಹಿಂದಿನ ರಾತ್ರಿಯಿಂದಲೇ ಕೊಡಿಸಿದ್ದ ಮಾತ್ರೆಗೋ, ಎರಡೂ ಸೇರಿಯೋ. ಎಂಟನೇ ಸಲ ಮತ್ತೆ ಆಯಿತು, ಒಂಬತ್ತನೇ ಸಲ ಇಲ್ಲ. ಅದು ಪೂರ್ತಿ ಹೋಯಿತು ಅಂತ ಹೇಳಲಾರೆ. ಬರುವುದಿಲ್ಲ ಅನ್ನುವ ಮಾತು ಮಾತ್ರ ಮತ್ತೆ ಬರಲಿಲ್ಲ.

ಹೊರಗಿನ ಬೆಂಚು

ಐದು ನಿಮಿಷದ ಬೇಡಿಕೆಯನ್ನೂ ಡಾಕ್ಟರು ಒಪ್ಪಿದರು. "ಅಪ್ಪ ಸ್ವಲ್ಪ ಹೊರಗಿರಿ" ಅಂದಾಗ ಕಾಕಾನ ಮುಖ ನೋಡಬೇಕಿತ್ತು. ಹೊರಗೆ ಬಂದು ನನ್ನ ಪಕ್ಕ ಬೆಂಚಿನ ಮೇಲೆ ಕೂತು, ಫೈಲಿನ ದಾರ ಬಿಚ್ಚುವುದು, ಕಟ್ಟುವುದು. ಐದು ನಿಮಿಷ ಇಪ್ಪತ್ತಾಯಿತು. "ಏನು ಕೇಳ್ತಿರಬಹುದು?" ಅಂತ ನನ್ನನ್ನು ಎರಡು ಸಲ ಕೇಳಿದರು.

ಹುಡುಗ ಹೊರಗೆ ಬಂದ. ಕಣ್ಣು ಕೆಂಪಗಿತ್ತು, ಹೆಗಲು ಮಾತ್ರ ಸಡಿಲವಾಗಿತ್ತು. "ನಡೀರಿ, ರಕ್ತಾ ಕೊಡೂಣು" ಅಂದ. ಒಳಗೆ ಏನು ಕೇಳಿದ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಹದಿನಾರರ ಹುಡುಗನಿಗೆ ಅಪ್ಪನ ಮುಂದೆ ಕೇಳಲಾಗದ ಪ್ರಶ್ನೆಗಳು ಎಷ್ಟಿರುವುದಿಲ್ಲ? ಸಾಯುತ್ತೇನಾ, ಮುಂದೆ ಮದುವೆ ಮಕ್ಕಳು ಆಗುತ್ತದಾ, ಮತ್ತೆ ಬರುತ್ತದಾ. ಕಾಕಾ ಕೇಳಲೇ ಇಲ್ಲ. ಅವರನ್ನು ಬಲ್ಲ ನನಗೆ ಅದು ಬಂಡೆ ಹತ್ತುವುದಕ್ಕಿಂತ ಕಷ್ಟದ ಕೆಲಸ ಅಂತ ಗೊತ್ತು.

ಅಲ್ಲಿಂದ ಮುಂದೆ ಡಾಕ್ಟರ ಪ್ರಶ್ನೆಗೆ ಮಗನೇ ಉತ್ತರ ಹೇಳುತ್ತಿದ್ದ. ಬಾಯೊಳಗಿನ ಹುಣ್ಣು, ಬೆರಳ ತುದಿಯ ಜೋಮು, ರಾತ್ರಿ ನಿದ್ದೆ ಬರದಿರುವುದು. ಅಪ್ಪ "ಚಲೋ ಐತ್ರಿ" ಅಂದಿದ್ದರ ಹಿಂದೆ ಎಷ್ಟೆಲ್ಲ ಇತ್ತು! ಎಕ್ಸೆಲ್ ಶೀಟನ್ನು ನಾನು ಅವನ ಫೋನಿಗೆ ಕಳಿಸಿ ಕೈ ತೊಳೆದುಕೊಂಡೆ. ಅವನು ಅದರಲ್ಲಿ ಒಂದು ಹೊಸ ಕಾಲಂ ಸೇರಿಸಿದ: "ಬಂಡೆ ಎಲ್ಲಿವರೆಗೆ".

ಡಿಸೆಂಬರಿನಲ್ಲಿ, ಹತ್ತನೇ ಸಲ, ಧರ್ಮಶಾಲೆಯಲ್ಲಿ ಚಾಮರಾಜನಗರದ ಅಮ್ಮ ಕಾಣಲಿಲ್ಲ. ಅವರಿದ್ದ ಮೂಲೆಯಲ್ಲಿ ಬೇರೆ ಯಾರದೋ ಚೀಲ. ಹುಡುಗ ಅಪ್ಪನ ಕಡೆ ತಿರುಗಿ, "ಆ ಹುಡುಗಿ ಆರಾಮಾಗಿ ಊರಿಗೆ ಹೋದ್ಲೇನು?" ಅಂದ. ಆಗಸ್ಟಿನ ಕಾಕಾ ಆಗಿದ್ದರೆ "ಹೂಂ, ಆರಾಮಾದ್ಲು" ಅನ್ನುತ್ತಿದ್ದರು. ಅವತ್ತು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತಿಲ್ಲೋ" ಅಂದರು. "ಕೇಳಾಕ ಧೈರ್ಯ ಆಗಲಿಲ್ಲ." ಇಬ್ಬರೂ ರೊಟ್ಟಿಯ ಗಂಟು ಬಿಚ್ಚದೆ ಕೂತಿದ್ದರು. ಆಮೇಲೆ ಹುಡುಗನೇ ಬಿಚ್ಚಿ, ಒಂದು ರೊಟ್ಟಿ ಮುರಿದು ಅಪ್ಪನ ಕೈಗೆ ಕೊಟ್ಟ.

ದಾರಿ ಹಿಡಿದವರಿಗೆ

ಇದನ್ನು ಓದುತ್ತಿರುವ ಯಾರಾದರೂ ಇದೇ ದಾರಿಯಲ್ಲಿದ್ದರೆ, ನಾವು ತಡವಾಗಿ ಕಲಿತ ಕೆಲವು ಮಾತು. ಕ್ಯಾನ್ಸರ್ ಚಿಕಿತ್ಸೆಗೆ ಹೋಗಿಬರುವವರಿಗೆ ರೈಲಿನ ಸ್ಲೀಪರ್ ಮತ್ತು 3ಎಸಿಯಲ್ಲಿ ಪೂರ್ತಿ ರಿಯಾಯಿತಿ ಇದೆ, ಜೊತೆಗೆ ಹೋಗುವ ಒಬ್ಬರಿಗೆ 75% ರಿಯಾಯಿತಿ. ಆಸ್ಪತ್ರೆಯವರು ತುಂಬಿ ಸಹಿ ಮಾಡಿದ ನಮೂನೆ ಬೇಕು. ನಾವು ಮೊದಲ ಎರಡು ಸಲ ಪೂರ್ತಿ ದುಡ್ಡು ಕೊಟ್ಟೇ ಬಂದೆವು. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ಹೊರಡುವ ಮೊದಲೇ ಮಾಡಿಸಿಟ್ಟುಕೊಳ್ಳಿ.

ಮನೆಯಲ್ಲಿ ಥರ್ಮಾಮೀಟರ್ ಇರಲಿ. ಕೀಮೋ ನಡೆಯುವಾಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ, ಮಾತ್ರೆ ನುಂಗಿಸಿ ಮಲಗಿಸಬೇಡಿ. ರಾತ್ರಿಯೇ ಆಸ್ಪತ್ರೆಗೆ ಹೊರಡಿ. ರಕ್ತದ ಬಿಳಿಕಣ ಇಳಿದಿರುವಾಗ ಸಣ್ಣ ಸೋಂಕೂ ಗಂಟೆಗಳಲ್ಲಿ ದೊಡ್ಡದಾಗುತ್ತದೆ.

ಇನ್ನೊಂದು ಮಾತು ಯಾವ ನಮೂನೆಯಲ್ಲೂ ಇಲ್ಲ. ಮಗುವೂ ಅಲ್ಲ, ದೊಡ್ಡವನೂ ಅಲ್ಲದ ವಯಸ್ಸಿನಲ್ಲಿ ಕಾಯಿಲೆ ಎಲ್ಲವನ್ನೂ ಕಿತ್ತುಕೊಳ್ಳುತ್ತದೆ: ಕೂದಲು, ಕಾಲೇಜು, ಗೆಳೆಯರು, ಬಾಯಿರುಚಿ. ಪ್ರೀತಿಯ ಹೆಸರಿನಲ್ಲಿ ನಾವು ಉಳಿದ ಒಂದನ್ನೂ ಕಿತ್ತುಕೊಳ್ಳುತ್ತೇವೆ, ಅವರ ಮಾತನ್ನು. ಔಷಧಿ ಬೇಕಾ ಬೇಡವಾ ಅನ್ನುವುದನ್ನು ಅವರೊಬ್ಬರಿಗೇ ಬಿಡಲಾಗುವುದಿಲ್ಲ, ನಿಜ. ಆದರೆ ಯಾವ ದಾರಿಯಲ್ಲಿ ಹೋಗೋಣ, ಯಾವ ಕೈಗೆ ಸೂಜಿ, ಯಾರಿಗೆ ಹೇಳೋಣ, ಯಾರಿಗೆ ಬೇಡ, ಇಷ್ಟನ್ನಾದರೂ ಬಿಡಬಹುದು. ಹತ್ತು ಹೆಜ್ಜೆ ಹಿಂದೆ ನಡೆಯುವುದು ಬಿಟ್ಟುಹೋದಂತೆ ಅಲ್ಲ. ಬಿದ್ದರೆ ಹಿಡಿಯುವಷ್ಟು ಹತ್ತಿರವೇ ಅದು.

ಹನ್ನೆರಡನೆಯ ಸಲ

ಜನವರಿ ಮೊದಲ ವಾರ. ಗಣರಾಜ್ಯೋತ್ಸವದ ಪ್ರದರ್ಶನಕ್ಕೆ ಲಾಲ್‌ಬಾಗಿನಲ್ಲಿ ಕುಂಡಗಳನ್ನು ಇಳಿಸುತ್ತಿದ್ದರು. ಊರಲ್ಲಿ ಮೆಣಸಿನಕಾಯಿ ಕಟಾವು ಶುರುವಾಗಿತ್ತು. ಕಾಕಾ ಹೊಲವನ್ನು ಕಾಕು ಮತ್ತು ಅಳುಗಳ ಮೇಲೆ ಬಿಟ್ಟು ಬಂದಿದ್ದರು. ಹುಡುಗ ನಡುನಡುವೆ ಮೂರು ಸಲ ನಿಂತು, ಕೊನೆಗೆ ಗೋಪುರದ ಕಟ್ಟೆ ಮುಟ್ಟಿದ. ಸುತ್ತಲೂ ಬೆಂಗಳೂರು, ಹೊಗೆಯಂಥ ಮಂಜು. ನಮ್ಮ ಆಸ್ಪತ್ರೆ ಯಾವ ಕಡೆ ಅಂತ ಹುಡುಕಿದ. ಮರಗಳ ನಡುವೆ ಗೊತ್ತಾಗಲಿಲ್ಲ. ಕೆಳಗೆ ಹತ್ತು ಹೆಜ್ಜೆ ದೂರದಲ್ಲಿ ಕಾಕಾ ಆಕಾಶ ನೋಡುತ್ತ ನಿಂತಿದ್ದರು.

"ಅಪ್ಪಾ, ಅಲ್ಲೇನ್ ಮಾಡ್ತಿ? ಬಾ ಮ್ಯಾಲೆ."

ಚಿಕಿತ್ಸೆ ಮುಗಿದ ಮೇಲಿನ ಸ್ಕ್ಯಾನ್ ಚೆನ್ನಾಗಿ ಬಂದಿದೆ. ಆದರೂ ಮೊದಲ ವರ್ಷಗಳಲ್ಲಿ ಕೆಲವು ತಿಂಗಳಿಗೊಮ್ಮೆ ಬಂದು ತೋರಿಸಬೇಕು. ಆಗಿಬಿಟ್ಟಿತು ಅಂತ ನಾವ್ಯಾರೂ ಜೋರಾಗಿ ಹೇಳಿಲ್ಲ. ಹುಡುಗನ ತಲೆಯಲ್ಲಿ ಎಳೆ ಕೂದಲು ಬಂದಿದೆ, ಮೊದಲಿಗಿಂತ ಗುಂಗುರು. ಒಂದು ವರ್ಷ ತಪ್ಪಿದ ಕಾಲೇಜಿಗೆ ಜೂನಿನಲ್ಲಿ ಮತ್ತೆ ಸೇರುತ್ತಾನೆ.

ನಾನು ಈಗಲೂ ಅದೇ ಕ್ಯಾಬಿನಲ್ಲಿ ಅದೇ ರಸ್ತೆಯಲ್ಲಿ ಹೋಗುತ್ತೇನೆ. ಕಿದ್ವಾಯಿ ಬರುವಾಗ ಇಯರ್‌ಫೋನ್ ತೆಗೆಯುತ್ತೇನೆ. ಒಂದು ದಿನ ಡೇರಿ ಸರ್ಕಲ್ಲಿನ ಕಡೆಯಿಂದ ಚೀಲ ಹೊತ್ತು ಹಿಂದಕ್ಕೆ ನಡೆದು ಬರುತ್ತಿದ್ದ ಒಬ್ಬ ಅಪ್ಪ, ಒಬ್ಬ ಹುಡುಗಿಯನ್ನು ಕಂಡೆ. ಯಾಕೆ ಹಾಗೆ ಬರುತ್ತಿದ್ದಾರೆ ಅಂತ ಗೊತ್ತಿರಲಿಲ್ಲ. ಸುಮ್ಮನೆ ಸ್ಟಾಪು ತಪ್ಪಿದ್ದಿರಬಹುದು.

ಏಪ್ರಿಲ್ ತಪಾಸಣೆಗೆ ಬರುವಾಗ ನಾನೇ ಹೇಳಿದೆ, ಈಗ ಔಷಧಿ ಇಲ್ಲವಲ್ಲ, ಸೀದಾ ಬಸ್ಸಿಗೆ ಬನ್ನಿ, ಬೇಗ ಆಗುತ್ತದೆ. ಹುಡುಗ ಫೋನಿನಲ್ಲಿ ನಕ್ಕ.

"ಬ್ಯಾಡಕ್ಕಾ, ಬಂಡೆಗಲ್ಲಿನ ಮ್ಯಾಲಿಂದನ ಬರ್ತೀವಿ. ಅಪ್ಪಗ ರೂಢಿ ಆಗೇತಿ."